ಕಠಿನವಾದ ನೆಲವೂ ಮೆತ್ತನೆಯ ಹಾಸೂ: ಧಾರವಾಡ ಸೀಮೆಯ ಆಸ್ತರಣಗಳ ವಿಚಾರ

ಅರಸರ ವಂಶಾವಳಿ, ಶಾಸನಗಳ ಕಾಲನಿರ್ಣಯ, ಕವಿಗಳ ದೇಶಕಾಲ ಇವುಗಳನ್ನು ಕುರಿತು ನಮ್ಮ ಪ್ರಾಂತದ ವಿದ್ವಾಂಸರು ಬಹಳವಾಗಿ ಬರೆದಿರುವರು. ಆದರೆ ಆ ಅರಸರೂ ಕವಿಗಳೂ ಕುಳಿತದ್ದು ಯಾವುದರ ಮೇಲೆ, ಮುಪ್ಪಿನಲ್ಲಿ ಅವರ ಮೊಣಕಾಲು ಹಿಡಿದುಕೊಂಡಾಗ ಗಟ್ಟಿಯಾದ ನೆಲದ ಮೇಲೆ ಏನನ್ನು ಹಾಸಿಕೊಂಡರು ಎಂದು ಕೇಳಿದವರು ವಿರಳ. ಪ್ರಶ್ನೆಯು ಅಲ್ಪವೆಂದು ತೋರಬಹುದು. ಹುಬ್ಬಳ್ಳಿ-ಧಾರವಾಡದ ಕಡೆಗೆ ಇಂದು ಹೊಸದಾಗಿ ಕಟ್ಟಿದ ಯಾವ ಮನೆಗೆ ಹೋದರೂ ಮಿರುಗುವ ಗ್ರಾನೈಟಿನ ಇಲ್ಲವೆ ಹೊಳಪಿನ ಟೈಲ್ಸಿನ ನೆಲವೇ ಕಾಣುತ್ತದೆ. ಅದರ ಅಂಚಿನಲ್ಲಿ, ಪಂಕ್ತಿಯಲ್ಲಿ ಕೂಡ್ರಲಾರದೆ, ಸಂಧ್ಯಾವಂದನೆಗೆ ಕಾಲು ಮಡಚಲಾರದೆ ಗೋಡೆ ಹಿಡಿದು ನಿಂತ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಕುರ್ಚಿಯ ಮೇಲೆ ಕುಳಿತು ಮಾಡಿದ ಕರ್ಮಕ್ಕೆ ಫಲವುಂಟೇ ಎಂದು ಅವರು ಸಂಕೋಚದಿಂದ ಕೇಳುವುದುಂಟು. ಇದಕ್ಕೆ ಉತ್ತರವು ಶಾಸ್ತ್ರಗ್ರಂಥಗಳಲ್ಲಿ ಎಷ್ಟಿರುವುದೋ ನಮ್ಮ ಸೀಮೆಯ ನೇಯ್ಗೆಯ ಇತಿಹಾಸದಲ್ಲಿಯೂ ಅಷ್ಟೇ ಇರುವುದು. ಎರಡನ್ನೂ ಕೂಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ನೋಡುವ. ಹಾಸುವ ವಸ್ತುಗಳ ಹೆಸರುಗಳು ಅಮರಸಿಂಹನ ಕೋಶದಲ್ಲಿ ಒಂದೆಡೆ ಕೂಡಿಲ್ಲ. ವ್ರತಿಗಳ ಆಸನವಾದ 'ಬೃಸೀ' ಬ್ರಹ್ಮವರ್ಗದಲ್ಲಿ ಬರುತ್ತದೆ. 'ಆಸ್ತರಣ', 'ಪರಿಸ್ತೋಮ', 'ಕುಥ' ಎಂಬ ಚಿತ್ರಗಂಬಳಿಯ ಹೆಸರುಗಳು ಕ್ಷತ್ರಿಯವರ್ಗದಲ್ಲಿ, ಅದೂ ಆನೆಯ ಸಾಮಗ್ರಿಯ ನಡುವೆ ಇವೆ. ಚಾಪೆಯನ್ನು ಹೇಳುವ 'ಕಟ', 'ಕಿಲಿಂಜಕ' ಎಂಬವು ವೈಶ್ಯವರ್ಗದಲ್ಲಿ ಬುಟ್ಟಿಗಳ ಜತೆಗೆ ಸೇರಿವೆ. 'ರಲ್ಲಕ', 'ಕಂಬಲ' ಇವು ಮನುಷ್ಯವರ್ಗದಲ್ಲಿ ಉಡುವ ಹೊದೆಯುವ ಬಟ್ಟೆಗಳ ಸಾಲಿನಲ್ಲಿ ನಿಂತಿವೆ. ಕೋಶಕಾರನ ದೃಷ್ಟಿಯಲ್ಲಿ ಹಾಸು ಎಂಬುದು ಒಂದು ಜಾತಿಯ ವಸ್ತುವಲ್ಲ. ತಪಸ್ವಿಗೊಂದು, ಅರಸನಿಗೊಂದು, ಒಕ್ಕಲಿಗ-ಬೇಹಾರಿಗಳಿಗೊಂದು. ಧಾರವಾಡದ ಹಳೆಯ ಮನೆಯ ಪಡಸಾಲೆಯಲ್ಲಿಯಾದರೋ ಇವು ಮೂರೂ ಒಂದರ ಮೇಲೊಂದು ಬಿದ್ದಿರುತ್ತಿದ್ದವು: ಕೆಳಗೆ ಚಾಪೆ, ಅದರ ಮೇಲೆ ಕಂಬಳಿ, ಎಲ್ಲಕ್ಕೂ ಮೇಲೆ ಬಣ್ಣದ ಜಮಖಾನೆ. ಈ ಪದರುಗಳ ಕ್ರಮವೇ ನಮ್ಮ ವಿಚಾರದ ಮುಖ್ಯ ಸೂತ್ರ.

ಈ ಕ್ರಮ ಆಕಸ್ಮಿಕವಾದುದೆಂದು ನನಗೆ ತೋರುವುದಿಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಧ್ಯಾನಕ್ಕೆ ಕೂಡ್ರುವವನ ಆಸನವನ್ನು ಹೇಳುವಾಗ ಅದು ಅತಿ ಎತ್ತರವೂ ಅತಿ ತಗ್ಗೂ ಇರಬಾರದೆಂದೂ, ಬಟ್ಟೆ, ಚರ್ಮ, ದರ್ಭೆ ಈ ಮೂರರಿಂದ ಕೂಡಿರಬೇಕೆಂದೂ ವಿಧಿಸಿದೆ. ಮೂಲದ ಸಮಾಸದಲ್ಲಿ ಬಟ್ಟೆ ಮೊದಲು, ದರ್ಭೆ ಕೊನೆಗೆ ಬಂದಿರುವುದರಿಂದ ಬಟ್ಟೆಯನ್ನೇ ಕೆಳಗೆ ಹಾಸಬೇಕೆಂದು ಯಾರಾದರೂ ತಿಳಿಯಬಹುದು. ಆ ಭ್ರಮೆಗೆ ಎಡೆಯಾಗದಂತೆ ಶಂಕರಭಗವತ್ಪಾದರು ಇಲ್ಲಿ ಹಾಸುವ ಕ್ರಮ ಪಾಠಕ್ರಮಕ್ಕೆ ವಿಪರೀತವೆಂದು ಸ್ಪಷ್ಟಪಡಿಸಿರುವರು. ಅಂದರೆ ನೆಲಕ್ಕೆ ತಾಗುವಂತೆ ದರ್ಭೆ, ನಡುವೆ ಚರ್ಮ, ಮೈಗೆ ತಾಗುವಂತೆ ಬಟ್ಟೆ. ಒಣಹುಲ್ಲು ನೆಲದ ತೇವವನ್ನು ಮೇಲಕ್ಕೆ ಬಿಡದೆ, ಭಾರವು ಬಿದ್ದಾಗ ತುಸು ತಗ್ಗಿ ಮತ್ತೆ ಏಳುತ್ತದೆ. ಕೂದಲುಳ್ಳ ಚರ್ಮವು ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಬಟ್ಟೆಯು ನುಣುಪಾಗಿ ಚರ್ಮದ ಉರುಟನ್ನು ಮುಚ್ಚುತ್ತದೆ. ನಮ್ಮ ಚಾಪೆ, ಕಂಬಳಿ, ಜಮಖಾನೆಗಳು ಮಾಡುವ ಕೆಲಸ ಇದೇ ಮೂರು ಬಗೆಯದು. ವ್ಯಾಖ್ಯಾನಕಾರರ ಒಂದು ಮಾತಿನಿಂದ ಒಂದು ಗೃಹಕೃತ್ಯದ ಅರ್ಥ ತೆರೆಯುವುದು ನನಗಂತೂ ಸಂತೋಷದ ಸಂಗತಿ.

ಕಾಲಿಗೇ ಬೇರೆಯಾಗಿ ಹಾಸು ಕೊಡುವ ಪದ್ಧತಿಯೂ ಪ್ರಾಚೀನವಾದುದು. ಗೃಹ್ಯಸೂತ್ರಗಳಲ್ಲಿ ಮಧುಪರ್ಕದ ಪ್ರಕರಣ ಪ್ರಸಿದ್ಧವೇ ಇದೆ. ಪೂಜ್ಯನಾದ ಅತಿಥಿ ಮನೆಗೆ ಬಂದಾಗ ಮೊದಲು ಕೊಡತಕ್ಕದ್ದು ವಿಷ್ಟರ, ಎಂದರೆ ದರ್ಭೆಯಿಂದ ಮಾಡಿದ ಆಸನ. ಪಾರಸ್ಕರನು ಒಂದು ವಿಷ್ಟರದ ಮೇಲೆ ಕುಳಿತವನಿಗೆ ಇನ್ನೊಂದನ್ನು ಪಾದಗಳ ಅಡಿಯಲ್ಲಿ ಇಡುವಂತೆ ಹೇಳಿರುತ್ತಾನೆ. ದೂರದಿಂದ ನಡೆದು ಬಂದವನ ಕಾಲು ಬರಿಯ ನೆಲಕ್ಕೆ ತಾಗಬಾರದೆಂಬುದು ಇದರ ತಾತ್ಪರ್ಯವೆಂದು ತಿಳಿದರೆ ತಪ್ಪಾಗಲಾರದು. ಇಂದಿನ ವಿವಾಹಗಳಲ್ಲಿ ವರಪೂಜೆಯ ಹೊತ್ತಿಗೆ ಈ ಎರಡನೆಯ ವಿಷ್ಟರವು ಎರಡು ದರ್ಭೆಯ ಕಡ್ಡಿಗಳಾಗಿ ಸಣ್ಣದಾಗಿರುವುದನ್ನು ನೋಡುತ್ತೇವೆ; ಮಂತ್ರ ಉಳಿದು ಮೆತ್ತೆ ಹೋಯಿತು.

ಅರಸುಮನೆಯ ಕಡೆಗೆ ತಿರುಗಿದರೆ ಎರಡು ಗ್ರಂಥಗಳು ನಮಗೆ ಉಪಯುಕ್ತವಾಗಿವೆ. ಎರಡಕ್ಕೂ ಕರ್ನಾಟಕದ ಸಂಬಂಧವುಂಟು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ತಂದರು. ಅದರ ಎರಡನೆಯ ಅಧಿಕರಣದಲ್ಲಿ ಬೊಕ್ಕಸಕ್ಕೆ ಸೇರತಕ್ಕ ವಸ್ತುಗಳನ್ನು ಪರೀಕ್ಷಿಸುವ ಅಧ್ಯಾಯವಿದೆ. ಅಲ್ಲಿ ಕುರಿಯ ಉಣ್ಣೆಯಿಂದ ಆಗುವ ಹತ್ತು ಬಗೆಯ ವಸ್ತುಗಳನ್ನು ಎಣಿಸುತ್ತ ಕಂಬಲ, ವರ್ಣಕ, ಪರಿಸ್ತೋಮ, ಕುದುರೆಯ ಮೇಲೆ ಹಾಸುವ ತುರಗಾಸ್ತರಣ ಇವುಗಳನ್ನು ಹೇಳಿ, ಮುಟ್ಟಿದರೆ ಒದ್ದೆಯಾದಂತೆ ಜಾರುವ, ನವುರಾದ, ಮೃದುವಾದ ಉಣ್ಣೆ ಶ್ರೇಷ್ಠವೆಂದಿದೆ. ಈ ಪರೀಕ್ಷೆಯಲ್ಲಿ ನಮ್ಮ ದಖನಿ ಕುರಿಯ ಕಂಬಳಿ ನಿಲ್ಲಲಾರದು, ಒಪ್ಪತಕ್ಕ ಮಾತೇ. ಆದರೆ ಅದರ ಒರಟುತನಕ್ಕೆ ಬೇರೆ ಉಪಯೋಗವಿರುವುದನ್ನು ಮುಂದೆ ಹೇಳುವೆನು.

ಎರಡನೆಯದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಗ್ರಂಥ. ಇದರ ಮೊದಲ ಭಾಗವು ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ೧೯೨೫ರಲ್ಲಿ ಪ್ರಕಟವಾಯಿತು. ಅರಸನ ಇಪ್ಪತ್ತು ಉಪಭೋಗಗಳನ್ನು ಹೇಳುವಾಗ ಸೋಮೇಶ್ವರನು ಪಾದುಕೆಗೆ ಒಂದು ಅಧ್ಯಾಯ, ಆಸನಕ್ಕೆ ಒಂದು, ಪಾದಾಭ್ಯಂಗಕ್ಕೆ ಒಂದು, ಶಯ್ಯೆಗೆ ಒಂದು ಕೊಟ್ಟಿರುವನು. ಇಪ್ಪತ್ತರಲ್ಲಿ ನಾಲ್ಕು ಕಾಲಿನ ಸುಖಕ್ಕೂ ಕೂಡ್ರುವ ಮಲಗುವ ಸುಖಕ್ಕೂ ಸಂದಿವೆ ಎಂಬುದನ್ನು ಗಮನಿಸಬೇಕು. ಮೈಗೆಲ್ಲ ಎಣ್ಣೆಯೊತ್ತುವ ಸಂಗತಿ ಸ್ನಾನಭೋಗದಲ್ಲಿಯೇ ಬಂದಿರಲು, ಪಾದಕ್ಕೆ ಬೇರೆಯಾಗಿ ಅಧ್ಯಾಯ ಮಾಡಿದ್ದು ಅನುಭವಸ್ಥನ ಲಕ್ಷಣ. ಆತನ ಕಾಲದ ಗುಡಿಗಳಲ್ಲಿ ನುಣ್ಣಗೆ ತಿರುಗಿಸಿದ ಕಂಬಗಳಷ್ಟೇ ಅಲ್ಲ, ಮಂಟಪದ ಅಂಚಿಗೆ ಬೆನ್ನು ಆನಿಸಿ ಕೂಡ್ರಲು ಓರೆಯಾಗಿ ಕಡೆದ ಕಕ್ಷಾಸನಗಳೂ ಇವೆ. ಕಲ್ಲನ್ನು ಕಡೆಯುವವನೂ ಕೂಡ್ರುವವನ ನಡುವನ್ನು ಮರೆತಿರಲಿಲ್ಲ.

ಇನ್ನು ವೈದ್ಯಶಾಸ್ತ್ರ. ನೆಲವು ಕಾಲಿಗೆ ಏಕೆ ನೋವು ಕೊಡುತ್ತದೆ ಎಂಬುದಕ್ಕೆ ಆಯುರ್ವೇದದ ವಿವರಣೆ ಗುಣಗಳ ಮೇಲೆ ನಿಂತಿದೆ. ಚರಕನು ವಾತದ ಗುಣಗಳನ್ನು ರೂಕ್ಷ, ಶೀತ, ಲಘು, ಸೂಕ್ಷ್ಮ, ಚಲ, ವಿಶದ, ಖರ ಎಂದು ಎಣಿಸಿ, ಸಮಾನಗುಣವುಳ್ಳ ದ್ರವ್ಯವು ದೋಷವನ್ನು ಬೆಳೆಸುವುದೆಂದೂ ವಿರುದ್ಧಗುಣವುಳ್ಳದ್ದು ಶಮನ ಮಾಡುವುದೆಂದೂ ಸಿದ್ಧಾಂತ ಮಾಡಿರುವನು. ಕಲ್ಲಿನ ನೆಲ ಶೀತ, ರೂಕ್ಷ, ಕಠಿನ. ಆದಕಾರಣ ಸಂಧಿಗಳಲ್ಲಿ ನೆಲೆಸಿದ ವಾತಕ್ಕೆ ಅದು ಬಂಧುವೇ ಸರಿ. ಸುಶ್ರುತನು ವಾತಕಂಟಕವೆಂಬ ರೋಗವನ್ನು ಹೇಳಿ, ಹೆಜ್ಜೆಯನ್ನು ವಿಷಮವಾಗಿ ಇಟ್ಟದ್ದರಿಂದ ಹಿಮ್ಮಡಿ-ಹರಡಿನ ಪ್ರದೇಶದಲ್ಲಿ ಉಂಟಾಗುವ ನೋವೆಂದು ವಿವರಿಸಿದ್ದಾನೆ. ಪಾದಾಭ್ಯಂಗದಿಂದ ಕಾಲಿನ ಒರಟುತನ, ಬಿಗಿತ, ಜೋಮು, ದಣಿವು ಕಳೆಯುತ್ತವೆ, ಬಲವೂ ಸ್ಥೈರ್ಯವೂ ಬರುತ್ತವೆ, ಗೃಧ್ರಸಿಯ ಭಯ ತಪ್ಪುತ್ತದೆ ಎಂದು ಚರಕನ ಮತ. ಹದಿನಾರನೆಯ ಶತಮಾನದ ಭಾವಮಿಶ್ರನು ಶಯ್ಯೆಗಳ ಗುಣವನ್ನು ಹೇಳುವಾಗ ಮಂಚವು ತ್ರಿದೋಷಗಳನ್ನೂ ಶಮನ ಮಾಡುವುದು, ಹತ್ತಿಯ ಹಾಸಿಗೆಯು ವಾತಕಫಗಳನ್ನು ಕಳೆಯುವುದು, ಮರದ ಹಲಗೆಯಾದರೋ ವಾತವನ್ನು ಹೆಚ್ಚಿಸುವುದು ಎಂದು ವಿಭಾಗಿಸಿದನು. ಹಲಗೆಗೇ ಈ ದೋಷವಿದ್ದಮೇಲೆ ಹೊಳಪಿಟ್ಟ ಗ್ರಾನೈಟಿಗೆ ಎಷ್ಟಿರಬೇಡ!

ಇಂದಿನ ಪದಾರ್ಥವಿಜ್ಞಾನವೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ಒಂದೇ ಕೋಣೆಯಲ್ಲಿರುವ ಕಲ್ಲೂ ಉಣ್ಣೆಯೂ ಸಮಾನ ಉಷ್ಣತೆಯವೇ ಆದರೂ, ಕಲ್ಲು ಉಷ್ಣವನ್ನು ಉಣ್ಣೆಗಿಂತ ಹಲವು ಹತ್ತು ಪಟ್ಟು ಬೇಗ ಸಾಗಿಸುವುದರಿಂದ ಅಂಗಾಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದೇ ನಮಗೆ ತಣ್ಣಗಿನ ಸ್ಪರ್ಶವಾಗಿ ತೋರುವುದು. ಹಿಮ್ಮಡಿಯ ಕೆಳಗೆ ಪ್ರಕೃತಿಯೇ ಇಟ್ಟಿರುವ ಕೊಬ್ಬಿನ ಮೆತ್ತೆ ವಯಸ್ಸಾದಂತೆ ತನ್ನ ಪುಟಿಯುವ ಶಕ್ತಿಯನ್ನು ಕಳೆದುಕೊಳ್ಳುವುದೆಂದೂ, ಸವೆದ ಮೊಣಕಾಲಿಗೆ ಪೂರ್ತಿ ಮಡಚಿ ಕೂಡ್ರುವುದೂ ಅಲ್ಲಿಂದ ಏಳುವುದೂ ಬಹಳ ಭಾರವೆಂದೂ ವೈದ್ಯರು ಹೇಳುತ್ತಾರೆ. ಆದುದರಿಂದ ಆಸನದ ಎತ್ತರದ ವಿಷಯವಾಗಿ ಗೀತೆಯಲ್ಲಿ ಹೇಳಿದ ಮಿತಿಯನ್ನು ಮೊಣಕಾಲಿನ ದೃಷ್ಟಿಯಿಂದಲೂ ಅರ್ಥಮಾಡಬಹುದು. ನಾಲ್ಕು ಬೆರಳು ಎತ್ತರದ ಮಣೆ ಹಾಕಿಕೊಂಡರೂ ಮಡಿಕೆಯ ಬಿಗಿತ ಅಷ್ಟಿಷ್ಟು ಕಡಿಮೆಯಾಗುವುದು ಅನುಭವಕ್ಕೆ ಬಂದ ಮಾತು.

ಈಗ ನೆಲದ ಇತಿಹಾಸಕ್ಕೆ ಬರುವ. ಧಾರವಾಡವು ಮಲೆನಾಡಿನ ಸೆರಗಿನಲ್ಲಿದೆ. ಅದರ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಎರೆಯ ಭೂಮಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದು ಮನೆಯ ನೆಲಕ್ಕೆ ಯೋಗ್ಯವಲ್ಲ. ಗರಸನ್ನು ಹೊರಗಿನಿಂದ ತಂದು ತುಂಬಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಮೇಲೆ ಹೆಂಡಿಯಿಂದ ಸಾರಿಸುತ್ತಿದ್ದರು. ಹೀಗೆ ಮಾಡಿದ ನೆಲ ಮೆತ್ತಗಿನದೆಂದು ಹೇಳುವಂತಿಲ್ಲ. ಆದರೆ ಅದು ಕಲ್ಲಿನಷ್ಟು ತಣ್ಣಗಿರಲಿಲ್ಲ, ಕಲ್ಲಿನಷ್ಟು ಕಠಿನವೂ ಅಲ್ಲ, ಎಲ್ಲಕ್ಕೂ ಮಿಗಿಲಾಗಿ ಜಾರುತ್ತಿರಲಿಲ್ಲ. ಕಲ್ಲು ಹಾಸಿದ ನೆಲ ಗುಡಿಗೆ, ವಾಡೆಗೆ, ಬಚ್ಚಲಿಗೆ ಸೇರಿದ್ದು. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೇಲ್ವೆ ಹುಬ್ಬಳ್ಳಿಗೆ ಬಂದ ತರುವಾಯ ಭಾರವಾದ ಸರಕು ದೂರದಿಂದ ಬರುವುದು ಸುಲಭವಾಯಿತು. ಭೀಮಾ ನದಿಯ ಕಡೆಯ ಪದರುಗಲ್ಲಾದ ಶಹಾಬಾದ ಫರಸಿ ಕ್ರಮೇಣ ಸಾಮಾನ್ಯರ ಪಡಸಾಲೆಗೂ ಇಳಿಯಿತು. ಫರಸಿಯ ಮೇಲೆ ಮೊಸಾಯಿಕ್, ಅದರ ಮೇಲೆ ಗ್ರಾನೈಟು. (ಅದೇ ೧೮೮೦ರ ದಶಕದಲ್ಲಿ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಎಂಬವನು ದಕ್ಷಿಣಭಾರತದ ಅತಿ ಪ್ರಾಚೀನ ಶಿಲಾಸಮೂಹವೊಂದಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟನು. ಲೋಕದ ಶಿಲಾಶಾಸ್ತ್ರಜ್ಞರಿಗೆ ಧಾರವಾಡವೆಂದರೆ ಕಲ್ಲು. ನಮಗೆ ಮಾತ್ರ ಅದು ಸಂಗೀತ, ಫೇಡೆ.)

ಈ ಬದಲಾವಣೆಯಿಂದ ಶುಚಿತ್ವಕ್ಕೆ ಲಾಭವಾಯಿತು. ದಿನವೂ ಸಾರಿಸುವ ದುಡಿತದಿಂದ ಹೆಂಗಸರ ಬೆನ್ನೂ ಮೊಣಕಾಲೂ ಉಳಿದವು. ಇದನ್ನು ಹೇಳದೆ ಹಳೆಯ ನೆಲವನ್ನು ಹೊಗಳುವುದು ನ್ಯಾಯವಲ್ಲ. ನಷ್ಟವಾದದ್ದು ಬೇರೆ ಕಡೆ. ನೆಲವು ಮಣ್ಣಿನದಾಗಿದ್ದಾಗ ಧೂಳಿಗೂ ತೇವಕ್ಕೂ ಅಂಜಿ ಮೂರು ಪದರು ಹಾಸುತ್ತಿದ್ದರು. ಕಲ್ಲು ಬಂದು ಧೂಳೂ ತೇವವೂ ತಪ್ಪಿದೊಡನೆ ಕೆಳಗಿನ ಎರಡು ಪದರುಗಳು ಅನಾವಶ್ಯಕವೆಂದು ಕಂಡವು. ಚಾಪೆ ಅಟ್ಟಕ್ಕೆ ಏರಿತು, ಕಂಬಳಿ ಹೊಲಕ್ಕೆ ಹೋಯಿತು, ನೋಡಲು ಚೆಲುವಾದ ಜಮಖಾನೆಯೊಂದು ಉಳಿಯಿತು. ಹೀಗೆ ನೆಲವು ಹೆಚ್ಚು ಕಠಿನವಾದ ಕಾಲದಲ್ಲಿಯೇ ಹಾಸು ತೆಳುವಾಯಿತೆಂಬುದು ನನ್ನ ಅಭಿಪ್ರಾಯ. ಕಾಲುನೋವಿನವರ ಕಷ್ಟಕ್ಕೆ ಇದೊಂದು ಕಾರಣವೆಂದು ನಾನು ಎಣಿಸುತ್ತೇನೆ.

ಆ ಮೂರು ಪದರುಗಳಲ್ಲಿ ಕಂಬಳಿಯನ್ನು ಮೊದಲು ತೆಗೆದುಕೊಳ್ಳುವೆನು. ಹಾಲುಮತದ ಕುರುಬರು ದಖನಿ ಕುರಿಯ ಕರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿಯನ್ನು ಹಚ್ಚಿ ಬಿಗಿ ಮಾಡುವರು. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿರುವ ರಾಣಿಬೆನ್ನೂರು ತಾಲೂಕಿನ ಮೆಡ್ಲೇರಿ ಈ ಕೆಲಸಕ್ಕೆ ಹೆಸರಾದ ಊರು. ಈ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ಕೌಟಿಲ್ಯನ ಪರೀಕ್ಷಕನು ಇದನ್ನು ಕೆಳಗೆ ಇಟ್ಟುಬಿಡುತ್ತಿದ್ದನು. ಆದರೆ ಹಾಸಿನ ನಡುಪದರಕ್ಕೆ ಬೇಕಾದದ್ದು ಆ ಒರಟುತನವೇ. ನವುರಾದ ಉಣ್ಣೆ ಭಾರ ಬಿದ್ದಲ್ಲಿ ಒತ್ತಿಕೊಂಡು ಹೋಗುತ್ತದೆ. ಒರಟಾದ ಕೂದಲು ಸೆಟೆದು ನಿಂತು ತನ್ನ ನಡುವೆ ಗಾಳಿಯನ್ನು ಹಿಡಿದುಕೊಳ್ಳುತ್ತದೆ, ಮೇಲಿನ ಬಟ್ಟೆ ಸರಿಯದಂತೆಯೂ ಕಚ್ಚಿ ಹಿಡಿಯುತ್ತದೆ. ಹೊಲಮನೆಗಳಲ್ಲಿ ಕಂಬಳಿಗೆ ಇರುವ ಗೌರವ ಎಲ್ಲರೂ ಬಲ್ಲದ್ದು. ಬೀರಪ್ಪ, ಮೈಲಾರಲಿಂಗ ಮೊದಲಾದ ದೇವರ ಪೂಜೆಯಲ್ಲಿ ಕಂಬಳಿ ಹಾಸಿ ಗದ್ದಿಗೆ ಹಾಕುವರು; ಹಿರಿಯರು ಬಂದರೆ ಕಂಬಳಿ ಹಾಸದೆ ಕುಳ್ಳಿರಿಸುವುದು ಅಮರ್ಯಾದೆ.

ಜಮಖಾನೆಯ ಚರಿತ್ರೆ ಇನ್ನೂ ವಿಸ್ತಾರವಾದುದು. ಶಬ್ದವು ಪಾರಸಿಯ ಕಡೆಯಿಂದ ಬಂದದ್ದು. ಅದನ್ನು ಎಳೆದು ಸಂಸ್ಕೃತಕ್ಕೆ ಕಟ್ಟುವ ಉತ್ಸಾಹಿಗಳ ಮಾತಿನಲ್ಲಿ ಹುರುಳಿಲ್ಲ. ಹುಬ್ಬಳ್ಳಿಯ ಈಶಾನ್ಯಕ್ಕಿರುವ ನವಲಗುಂದ ಇದರ ತವರು. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಅಲ್ಲಿದ್ದ ನೇಕಾರರು ಯುದ್ಧಗಳ ಹಾವಳಿಯಿಂದ ಸ್ಥಳ ಬಿಟ್ಟು ಬಂದು ಇಲ್ಲಿ ನೆಲೆಸಿದರೆಂಬುದು ಪರಂಪರೆಯಿಂದ ಬಂದ ಐತಿಹ್ಯ. ಅದು ಐತಿಹ್ಯವೇ ಆದರೂ ಅಸಂಭವವಲ್ಲ. ಬೆಳೆಯುವ ಹತ್ತಿಯ ಬಳಿಗೆ ನೇಯುವ ಕೈಗಳು ಬಂದದ್ದು ಸ್ವಾಭಾವಿಕ. ಯಾವ ಎರೆಮಣ್ಣು ಬಿರಿದು ನೆಲವನ್ನು ಕೆಡಿಸುತ್ತಿತ್ತೋ ಅದೇ ಎರೆಮಣ್ಣು ನೆಲದ ಮೇಲೆ ಹಾಸುವುದಕ್ಕೆ ಹತ್ತಿಯನ್ನು ಕೊಟ್ಟಿತು.

ಇಲ್ಲಿ ನೇಯುವವರು ಹೆಂಗಸರು. ಶೇಖ ಸಯ್ಯದ ಪಂಗಡದ ಮುಸಲ್ಮಾನ ಮನೆತನಗಳವರು. ಮಗ್ಗವು ನಿಂತ ಮಗ್ಗ. ಹೊಕ್ಕಿನ ನೂಲನ್ನು ಕೈಬೆರಳಿನಿಂದಲೇ ತೂರಿಸಿ, ಪಂಜವೆಂಬ ಕಬ್ಬಿಣದ ಹಣಿಗೆಯಿಂದ ಬಡಿದು ಕೂಡಿಸುತ್ತಾರೆ. ಹೊಕ್ಕು ಹಾಸುನೂಲನ್ನು ಸಂಪೂರ್ಣವಾಗಿ ಮುಚ್ಚುವಷ್ಟು ಒತ್ತಾಗಿರುವುದೇ ಇದರ ದಪ್ಪಕ್ಕೂ ಬಾಳಿಕೆಗೂ ಕಾರಣ. ನವಿಲು, ಪಗಡೆಯ ಹಾಸು ಮೊದಲಾದ ಚಿತ್ರಗಳು ಕೆಂಪು, ಹಳದಿ, ಹಸುರು, ನೀಲಿ, ಕಪ್ಪುಗಳಲ್ಲಿ ಏಳುತ್ತವೆ. ಈ ವಿದ್ಯೆಯನ್ನು ಸೊಸೆಗೆ ಕಲಿಸುವರು, ಮಗಳಿಗೆ ಕಲಿಸರು ಎಂದು ಹೇಳುವುದುಂಟು. ಮಗಳು ಬೇರೆ ಮನೆಗೆ ಹೋದರೆ ರಹಸ್ಯವೂ ಹೋದೀತೆಂಬ ಭಯ. ನಮ್ಮ ಪಾಠಶಾಲೆಗಳಲ್ಲಿಯೂ ಕೆಲವು ವಿದ್ಯೆಗಳು ಇದೇ ಭಯದಿಂದ ಕಾಪಾಡಲ್ಪಟ್ಟು ಇದೇ ಭಯದಿಂದ ಕ್ಷೀಣಿಸಿದುದನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ನವಲಗುಂದದ ಹಾಸಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾನ್ಯತೆ ಬಂದರೂ ನೇಯುವವರ ಸಂಖ್ಯೆ ಮಾತ್ರ ಇಳಿಯುತ್ತಲೇ ಇದೆ. ಇನ್ನೊಬ್ಬರ ಕಾಲಿಗೆ ಮೆತ್ತೆ ಸಿದ್ಧಪಡಿಸುವ ಈ ತಾಯಂದಿರು ತಾವು ದಿನವಿಡೀ ಮಗ್ಗದ ಮುಂದೆ ನೆಲಕ್ಕೆ ಕುಳಿತಿರಬೇಕು. ಸಿಗುವ ಕೂಲಿ ದುಡಿತಕ್ಕೆ ತಕ್ಕದ್ದಲ್ಲ.

ನವಲಗುಂದದಲ್ಲಿ ಮೂರು ಬಗೆ ನೇಯುವರು. ಬೈಠಕಿಗೆ ಹಾಸುವ ಜಮಖಾನೆ ಒಂದು. ನಮಾಜಿಗೆ ಹಾಸುವ ಜಾಯನಮಾಜು ಎರಡನೆಯದು; ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸುವ ಉಪಾಸನೆಗೆ ಇದು ತಕ್ಕ ಹಾಸು. ಮೂರನೆಯದನ್ನು ಗುಡ್ಡರ ಎನ್ನುವರು. ನಮ್ಮ ಕಡೆಯ ಹಳ್ಳಿಗಳಲ್ಲಿ ದಪ್ಪನಾದ ಹಾಸನ್ನು 'ಗುಡಾರ' ಎನ್ನುವುದೂ, ಮೈಸೂರು ಸೀಮೆಯಲ್ಲಿ ಅದೇ ಶಬ್ದ ಡೇರೆಯನ್ನು ಹೇಳುವುದೂ ಇಲ್ಲಿ ಸ್ಮರಣೀಯ. ಮೇಲೆ ಕಟ್ಟಿದರೆ ಮನೆ, ಕೆಳಗೆ ಹಾಸಿದರೆ ನೆಲ, ಬಟ್ಟೆ ಒಂದೇ. ಧಾರವಾಡ-ಹುಬ್ಬಳ್ಳಿಯ ಸಂಗೀತದ ಬೈಠಕುಗಳೂ ಇಂಥ ಹಾಸಿನ ಮೇಲೆಯೇ ಬೆಳೆದವು. ಮಲ್ಲಿಕಾರ್ಜುನ ಮನಸೂರ (೧೯೧೦-೧೯೯೨), ಗಂಗೂಬಾಯಿ ಹಾನಗಲ್ಲ (೧೯೧೩-೨೦೦೯) ಇವರಂಥವರು ಮುಪ್ಪಿನಲ್ಲಿಯೂ ಕುಳಿತು ಹಾಡಿದವರು. ಕಾಲು ಜೋಮು ಹಿಡಿದರೆ ಸ್ವರ ನಿಲ್ಲುವುದೆಲ್ಲಿ?

ಮೇಲಿನ ಪದರಕ್ಕೆ ಜಮಖಾನೆಯ ಬೆಲೆ ತಡೆಯದವರ ಮನೆಗಳಲ್ಲಿ ಕೌದಿ ಇತ್ತು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಜೋಡಿಸಿ, ಸಾಲು ಹೊಲಿಗೆ ಹಾಕಿ ಮಾಡಿದ ಇದು ದುಡ್ಡಿಲ್ಲದ ಗಾದಿ. ಹಳಿಯಾಳ, ಯಲ್ಲಾಪುರ, ಕಲಘಟಗಿಗಳ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಬಣ್ಣಬಣ್ಣದ ತುಂಡುಗಳ ಜೋಡಣೆಗೆ ಈಗ ದೂರದೇಶಗಳಲ್ಲಿಯೂ ಹೆಸರು ಪಡೆದಿವೆ. ಎಷ್ಟೋ ಸಲ ಒಗೆದು ನವೆದ ಬಟ್ಟೆಯಾದ್ದರಿಂದ ಕೌದಿಯ ಮೃದುತ್ವವನ್ನು ಹೊಸ ಬಟ್ಟೆಯಿಂದ ತರಲು ಬಾರದು. ಇನ್ನು ಹತ್ತಿಯ ಗಾದಿಯನ್ನು ತುಂಬಿ ಕೊಡುವವರು ಪಿಂಜಾರರು, ನದಾಫರು. ಒತ್ತಿ ಕಲ್ಲಾದ ಹತ್ತಿಯನ್ನು ಬಿಲ್ಲಿನಿಂದ ಹಿಂಜಿದರೆ ಅದು ಮತ್ತೆ ಅರಳುವುದು. ಇದನ್ನು ವರುಷ ಎರಡು ವರುಷಕ್ಕೊಮ್ಮೆ ಮಾಡಿಸುವ ರೂಢಿ ತಪ್ಪಿದ್ದರಿಂದ ಎಷ್ಟೋ ಮನೆಗಳಲ್ಲಿ ಗಾದಿಯಿದ್ದೂ ಇಲ್ಲದಂತಾಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಜಿಪುಣತನಕ್ಕೆ ಸಮರ್ಥನೆಯಾಗಿ ಆಡುತ್ತೇವೆ. ಕಾಲುನೋವಿನವನಿಗೆ ಅದು ಅಕ್ಷರಾರ್ಥದಲ್ಲಿಯೇ ಸತ್ಯ.

ಹುಲ್ಲಿನ ಪದರವನ್ನು ಕೆಳಗಿಡುವ ಬುದ್ಧಿ ಭಾರತಕ್ಕೆ ಮಾತ್ರ ಸೇರಿದ್ದಲ್ಲ. ಜಪಾನಿನವರ ತತಾಮಿಯೆಂಬ ಹಾಸಿನಲ್ಲಿ ಒಳಗೆ ಬಿಗಿದು ಕಟ್ಟಿದ ಬತ್ತದ ಹುಲ್ಲು, ಮೇಲೆ ನಯವಾಗಿ ಹೆಣೆದ ಜೊಂಡು. ಅವರು ಹುಲ್ಲಿನ ಪದರವನ್ನು ನೆಲಕ್ಕೆ ಕೂಡಿಸಿ ಶಾಶ್ವತ ಮಾಡಿದರು. ನಾವು ಅದನ್ನು ಸುತ್ತಿ ಇಡುವಂತೆ ಇಟ್ಟುಕೊಂಡೆವು. ಸುತ್ತಿ ಇಟ್ಟದ್ದನ್ನು ಮರೆಯುವುದು ಸುಲಭ.

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಬರಬೇಕು. ನೆಲಕ್ಕೆ ಕೂಡ್ರಲಾರದವನು ಎತ್ತರದ ಪೀಠದ ಮೇಲೆ ಕುಳಿತು ಕರ್ಮ ಮಾಡಬಹುದೇ? ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಉಪಾಸನೆಯನ್ನು ಕುಳಿತೇ ಮಾಡಬೇಕೆಂದು ಹೇಳಿದೆ. ನಡೆಯುವವನ, ನಿಂತವನ ಚಿತ್ತ ಚಲಿಸುತ್ತದೆ, ಮಲಗಿದವನಿಗೆ ನಿದ್ರೆ ಬರುತ್ತದೆ ಎಂಬುದು ಭಾಷ್ಯದ ಯುಕ್ತಿ. ಈ ಯುಕ್ತಿ ಕುರ್ಚಿಯ ಮೇಲೆ ಕುಳಿತವನಿಗೂ ಅನುಕೂಲವೇ, ಪ್ರತಿಕೂಲವಲ್ಲ. ಮುಂದೆ ಅದೇ ಪ್ರಕರಣದಲ್ಲಿ, ಚಿತ್ತ ಎಲ್ಲಿ ಏಕಾಗ್ರವಾಗುವುದೋ ಅಲ್ಲಿ ಕೂಡ್ರಬಹುದೆಂದು ಸೂತ್ರಕಾರರು ಹೇಳುವರು. ಸಮವಾದ, ಕಲ್ಲುಹರಳಿಲ್ಲದ ಸ್ಥಳ ಬೇಕೆಂಬ ಶ್ರುತಿ ಇದೆಯಲ್ಲಾ ಎಂಬ ಆಕ್ಷೇಪಕ್ಕೆ, ಅಂಥ ನಿಯಮವಿದ್ದರೂ ಅದರೊಳಗಿನ ವಿಶೇಷಗಳಲ್ಲಿ ನಿರ್ಬಂಧವಿಲ್ಲವೆಂಬುದನ್ನು ಆಚಾರ್ಯರು ಸ್ನೇಹಿತರಂತೆ ತಿಳಿಸುತ್ತಿರುವರು ಎಂದು ಶಂಕರರು ಸಮಾಧಾನ ಕೊಟ್ಟಿರುವರು. ಶಾಸ್ತ್ರವು ಸ್ನೇಹಿತನಾಗಿ ಮಾತನಾಡುವ ಈ ಸ್ಥಳ ನನಗೆ ಬಹಳ ಪ್ರಿಯವಾದುದು. ಯೋಗಸೂತ್ರಕ್ಕೆ ವ್ಯಾಸರು ಬರೆದ ಭಾಷ್ಯದಲ್ಲಿ ಎಣಿಸಿದ ಆಸನಗಳಲ್ಲಿ ಪದ್ಮಾಸನ ವೀರಾಸನಗಳಂತೆ 'ಸೋಪಾಶ್ರಯ'ವೂ 'ಯಥಾಸುಖ'ವೂ ಸೇರಿವೆ: ಮೊದಲನೆಯದು ಆಸರೆಯುಳ್ಳದ್ದು, ಎರಡನೆಯದು ಹೇಗೆ ಸುಖವೋ ಹಾಗೆ.

ಇದು ಉಪಾಸನೆಯ ಮಾತಾಯಿತು, ಸಂಧ್ಯಾವಂದನೆ ಕರ್ಮವಲ್ಲವೇ ಎಂದು ಕೇಳಿದರೆ, ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೂರನೆಯ ಪಾದವನ್ನು ನೋಡಬೇಕು. ಕಾಮ್ಯಕರ್ಮವನ್ನು ಸರ್ವಾಂಗಸಹಿತವಾಗಿ ಮಾಡಲು ಸಮರ್ಥನಾದವನೇ ಮಾಡತಕ್ಕದ್ದು; ನಿತ್ಯಕರ್ಮವನ್ನಾದರೋ ಅಂಗಗಳಲ್ಲಿ ಶಕ್ತಿಯಿದ್ದಷ್ಟನ್ನು ಕೂಡಿಸಿ ಮಾಡಿದರೂ ಅದು ಸಿದ್ಧಿಸುವುದೆಂದು ಅಲ್ಲಿ ನಿರ್ಣಯವಾಗಿದೆ. ಸಂಧ್ಯಾವಂದನೆ ನಿತ್ಯ. ಕಾಲು ಮಡಚುವುದು ಅಂಗವೆಂದೇ ಒಪ್ಪಿದರೂ ಶಕ್ತಿಯಿಲ್ಲದವನಿಗೆ ಅದರ ಲೋಪದಿಂದ ಕರ್ಮ ಕೆಡದು. ಮುಸಲ್ಮಾನರ ಧರ್ಮಶಾಸ್ತ್ರದಲ್ಲಿಯೂ ನಿಲ್ಲಲಾರದ ರೋಗಿಗೆ ಕುಳಿತು, ಕೂಡ್ರಲಾರದವನಿಗೆ ಮಲಗಿ ನಮಾಜು ಮಾಡಲು ಅನುಮತಿಯುಂಟು. ಆದುದರಿಂದ ಪಂಕ್ತಿಯ ಕೊನೆಗೆ ಒಂದು ಮೇಜು, ಒಂದು ಕುರ್ಚಿ ಇಟ್ಟು ಹಿರಿಯರನ್ನು ಕರೆಯುವ ಗೃಹಸ್ಥನು ಆಚಾರವನ್ನು ಕೆಡಿಸಿದವನಲ್ಲ.

ನೆಲದ ಮೇಲೆಯೇ ಕೂಡ್ರಬಲ್ಲವರಿಗೆ ಹಳೆಯ ಮೂರು ಪದರುಗಳನ್ನು ಮತ್ತೆ ಕೂಡಿಸುವುದು ಕಷ್ಟವಲ್ಲ. ಆದರೆ ಹೊಸ ನೆಲಕ್ಕೆ ಒಂದು ಎಚ್ಚರಿಕೆ ಬೇಕು. ಹೆಂಡಿ ಸಾರಿಸಿದ ನೆಲದ ಮೇಲೆ ಚಾಪೆ ಕಚ್ಚಿಕೊಂಡಿರುತ್ತಿತ್ತು. ಗ್ರಾನೈಟಿನ ಮೇಲೆ ಚಾಪೆಯೂ ಜಮಖಾನೆಯೂ ಕಾಲಡಿಯಲ್ಲೇ ಸರಿಯುತ್ತವೆ. ನೋವಿನ ಕಾಲಿಗೆ ಕಲ್ಲಿಗಿಂತ ಹೆಚ್ಚು ಅಪಾಯವಾದದ್ದು ಜಾರುವ ಹಾಸು. ಆದಕಾರಣ ಎಲ್ಲಕ್ಕೂ ಕೆಳಗೆ ಜಾರದ ರಬ್ಬರಿನ ಜಾಲರಿಯನ್ನು ಹಾಕಿ, ಅಂಚು ಮೇಲೇಳದಂತೆ ನೋಡಿಕೊಂಡು, ಮೇಲೆ ದಪ್ಪ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಅದರ ಮೇಲೆ ಜಮಖಾನೆಯನ್ನೋ ಕೌದಿಯನ್ನೋ ಹಾಸಬೇಕು. ಕಾಲು ಹೂತುಹೋಗುವಷ್ಟು ಮೆತ್ತಗಿದ್ದರೂ ಏಳುವಾಗ ಹದ ತಪ್ಪುತ್ತದೆ. ಒತ್ತಿದರೆ ತಗ್ಗಿ ತಿರುಗಿ ಏಳುವಷ್ಟಿದ್ದರೆ ಸಾಕು. ಅಡಿಗೆಯ ಕಟ್ಟೆಯ ಮುಂದೆ ಹೊತ್ತುಗಟ್ಟಲೆ ನಿಲ್ಲುವ ಹೆಂಗಸರಿಗೂ ಇದೇ ಜೋಡಣೆಯನ್ನು ಒಂದು ಮೊಳದ ಅಗಲದಲ್ಲಿ ಮಾಡಬಹುದು. ಕುರ್ಚಿಯ ಮೇಲೆ ಕೂಡ್ರುವವರಿಗಾದರೋ ಪಾರಸ್ಕರನ ಎರಡನೆಯ ವಿಷ್ಟರವಿದೆ: ಮಡಚಿದ ಕಂಬಳಿಯ ತುಂಡೊಂದನ್ನು ಪಾದಗಳ ಅಡಿಗೆ ಇಡುವುದು.